ಹಸುವಿನ ಕ್ಯಾನಿಗೆ ಎಮ್ಮೆಯ ಫ್ಯಾಟು

ಪುಣೆ ಜಿಲ್ಲೆಯ ಶಿರೂರು ತಾಲೂಕಿನ ಒಂದು ಹಸು ಈಚೆಗೊಂದು ಮಂಗಳವಾರ ಬೆಳಿಗ್ಗೆ ಎಮ್ಮೆಯ ಹಾಲು ಕೊಟ್ಟಿತು. ಇದನ್ನು ಲಘುವಾಗಿ ತೆಗೆದುಕೊಂಡವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲವೆಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಸರ್ಕಾರಗಳು ಬಂದು ಹೋಗುತ್ತವೆ, ಹೆದ್ದಾರಿ ಅಗಲವಾಗುತ್ತದೆ, ಈರುಳ್ಳಿ ದರ ಏರಿ ಇಳಿಯುತ್ತದೆ. ಆದರೆ ಹಸುವಿನ ಹಾಲಿನ ಫ್ಯಾಟು ನಾಲ್ಕರ ಆಸುಪಾಸಿನಲ್ಲಿಯೂ ಎಮ್ಮೆಯದು ಏಳರ ಆಸುಪಾಸಿನಲ್ಲಿಯೂ ಇರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಅಲ್ಲಿನ ಅಕ್ಕಪಕ್ಕದ ಮನೆಗಳು ಮಾತು ಬಿಡದೆ ಬಾಳುತ್ತಿದ್ದವು. ಅವತ್ತು ಡೇರಿಯ ಸಾಲಿನಲ್ಲಿ ಎಮ್ಮೆಯವನು ಮುಂದೆ ನಿಂತಿದ್ದ, ಹಸುವಿನವನು ಅವನ ಹಿಂದೆ. ಎಮ್ಮೆಗೆ ಏಳು ಪಾಯಿಂಟ್ ಒಂದು ಬಂತು. ಹಸುವಿಗೂ ಏಳು ಪಾಯಿಂಟ್ ಒಂದು ಬಂತು. ಎಮ್ಮೆಯವನು ಖಾಲಿ ಕ್ಯಾನು ಕೆಳಗಿಟ್ಟು, ಪರದೆ ನೋಡಿ, ಹಸುವಿನವನ ಮುಖ ನೋಡಿ, ಕೊನೆಗೆ ಗುರಣ್ಣನ ಮುಖ ನೋಡಿದ.

ಗುರಣ್ಣ ಆ ಡೇರಿಯಲ್ಲಿ ಪ್ರತಿ ಕ್ಯಾನಿನಿಂದ ಒಂದು ಸೌಟು ಹಾಲು ತೆಗೆದು ಮಷೀನಿನ ಕಪ್ಪಿಗೆ ಸುರಿಯುವವನು. ಮಷೀನು ಫ್ಯಾಟು ಅಳೆಯುತ್ತದೆ, ಪಕ್ಕದ ಕಂಪ್ಯೂಟರು ಅದನ್ನು ಓದಿ ಪರದೆಗೆ ಹಾಕುತ್ತದೆ, ಹಾಲಿನ ದರ ಅದರ ಮೇಲೆ ನಿಲ್ಲುತ್ತದೆ. ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಪುಣೆಯ ಕಾತ್ರಜದಲ್ಲಿ ಬಸ್ಸಿಳಿದವನನ್ನು ಇಲ್ಲಿಗೆ ತಂದು ನಿಲ್ಲಿಸಲು ಒಂದೇ ಕಾರಣವಿತ್ತು: ಅವನು ಊರಿನ ಯಾರ ಬೀಗನೂ ಅಲ್ಲ, ಯಾರ ಭಾವಮೈದುನನೂ ಅಲ್ಲ. ಇಷ್ಟು ವರ್ಷ ಅದು ಅವನ ಯೋಗ್ಯತೆಯಾಗಿತ್ತು. ಮಂಗಳವಾರದಿಂದ ಅದೇ ಅವನ ದೋಷವಾಯಿತು. ಅವನ ಪರವಾಗಿ ಒಂದು ಮಾತಾಡಲು ಊರಿನಲ್ಲಿ ಯಾರೂ ಇರಲಿಲ್ಲ. ಹಸುವಿನವನು ಅವನಿಗೆ ಏನು ಕೊಟ್ಟ ಎಂಬ ಪ್ರಶ್ನೆಗೆ ಮಧ್ಯಾಹ್ನದ ಹೊತ್ತಿಗೆ ಊರಿನ ಎಲ್ಲರ ಬಳಿಯೂ ಉತ್ತರವಿತ್ತು. ಯಾವ ಎರಡು ಉತ್ತರಗಳೂ ತಾಳೆಯಾಗುತ್ತಿರಲಿಲ್ಲ, ಅಷ್ಟೆ.

ಡೇರಿಯ ಮೇಲ್ವಿಚಾರಕಿ ಸೋನಾಲಿ ನಿಧಾನದ ಮನುಷ್ಯೆ. ಅವರು ಯಾರನ್ನೂ ಬೈಯಲಿಲ್ಲ. ಸಾಫ್ಟ್‌ವೇರ್ ಮಾಡಿಕೊಟ್ಟ ಪುಣೆಯ ಕಂಪನಿಗೆ ಫೋನ್ ಮಾಡಿ, ನಿಮ್ಮದು ಸರಿ ಇದ್ದರೆ ಸರಿ ಇದೆ ಎಂದು ಬರೆದುಕೊಡಿ, ಬರೆದುಕೊಟ್ಟರೆ ಶನಿವಾರ ಈ ಮನುಷ್ಯನನ್ನು ಕಳಿಸಿಬಿಡುತ್ತೇನೆ ಎಂದರು. ಕಳಿಸುವುದೆಂದರೆ ಡೇರಿಯ ಹಿಂದಿನ ಒಂದು ಕೋಣೆಯನ್ನೂ ಖಾಲಿ ಮಾಡಿಸುವುದು. ಅದರಲ್ಲಿ ಗುರಣ್ಣ, ಅವನ ಹೆಂಡತಿ ಅವ್ವಮ್ಮ, ಊರ ಮರಾಠಿ ಶಾಲೆಗೆ ಹೋಗುವ ಮಗಳು ಪುಟ್ಟಿ ಇದ್ದರು.

ಆ ಸಾಫ್ಟ್‌ವೇರು ಹುಟ್ಟಿದ್ದು ಬಾಣೇರಿನ ಒಂದು ಗಾಜಿನ ಕಟ್ಟಡದ ಮೇಲಿನ ಮಹಡಿಯಲ್ಲಿ. ತಂಡದ ಮುಖ್ಯಸ್ಥರು ದೇವಾನಂದ, ಮೂಲ ವಿಜಯಪುರದ ಕಡೆಯವರು. ಪುಣೆಯಲ್ಲೇ ಓದಿ ಪುಣೆಯಲ್ಲೇ ನೆಲೆಸಿ, ಮರಾಠಿಯಲ್ಲಿ ಸಿಟ್ಟು ಮಾಡಿಕೊಂಡು ಕನ್ನಡದಲ್ಲಿ ಸಮಾಧಾನ ಹೇಳುವ ಅಭ್ಯಾಸ ಅವರದು. ಅವತ್ತು ಕನ್ನಡದಲ್ಲಿದ್ದರು.

"ಶಾಲಿನಿ ಅವರ, ನೀವ ಒಂದ್ ಸಲ ಶಿರೂರಿಗೆ ಹೋಗಿ ಬರ್ರಿ. ಅಂವ ಕನ್ನಡದಾಂವ, ನೀವೂ ಕನ್ನಡದವ್ರು. ಮಾತಾಡ್ಸಿದ್ರ ಬಾಯಿ ಬಿಡ್ತಾನ."

ಶಾಲಿನಿ ಹಾಸನದವಳು, ತಂಡದಲ್ಲಿ ಪ್ರೋಗ್ರಾಮ್ ಬರೆಯುವವಳು. "ಏನು ಬಾಯ್ಬಿಡ್ಬೇಕು ಸರ್ ಅವ್ರು?" ಎಂದಳು.

"ಏನರೆ ಇರ್ತದ. ಎಲ್ಲಾರ ಹತ್ರಾನೂ ಏನರೆ ಇದ್ದ ಇರ್ತದ."

"ಒಂದ್ ವೇಳೆ ನಮ್ ಕಡೇನೇ ಪ್ರಾಬ್ಲಮ್ ಇದ್ರೆ?"

ದೇವಾನಂದ ತಮ್ಮ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು, ಮನೆಗೆ ಬಂದವರಿಗೆ ಮಗನ ಅಂಕಪಟ್ಟಿ ತೋರಿಸುವವರಂತೆ. "ಫ್ಯಾಟ್ ಓದೂ ಮೆಥಡ್ ಇದು. ಡಿಕ್ಲರೇಷನ್ ಓದ್ರಿ. ಇದರಾಗ ಒಂದರೆ ಎಕ್ಸೆಪ್ಷನ್ ಕಾಣಸ್ತದೇನು? ಇಲ್ಲ. ಅಂದ್ರ ಇದು ತಪ್ಪಂಗಿಲ್ಲ. ಸಾಫ್ಟ್‌ವೇರ್ ಸುಳ್ಳ ಹೇಳೂದಿಲ್ರಿ, ಮನಷ್ಯಾ ಹೇಳ್ತಾನ."

ಹೊರಗಿನವರಿಗೆ ಇಷ್ಟು ತಿಳಿದರೆ ಸಾಕು. ಇಂಥ ಪ್ರೋಗ್ರಾಮಿನಲ್ಲಿ ಕೆಲಸವನ್ನು ಬೇರೆ ಬೇರೆ ಆಬ್ಜೆಕ್ಟುಗಳಿಗೆ ಹಂಚಿರುತ್ತಾರೆ. ಅವು ಮಾಡುವ ಒಂದೊಂದು ಕೆಲಸಕ್ಕೂ ಮೆಥಡ್ ಎಂದು ಹೆಸರು. ಒಂದು ಇನ್ನೊಂದಕ್ಕೆ ಹೇಳುತ್ತದೆ, ಅದು ಮತ್ತೊಂದಕ್ಕೆ, ಥೇಟ್ ಕಚೇರಿ. ಕೆಳಗಿನದಕ್ಕೆ ಹೇಳಿದ ಕೆಲಸ ಆಗಲಿಲ್ಲವೆಂದರೆ ಅದು ಸುಮ್ಮನಿರುವಂತಿಲ್ಲ. ಎಕ್ಸೆಪ್ಷನ್ ಎತ್ತಬೇಕು, ಅಂದರೆ 'ನನ್ನಿಂದಾಗಲಿಲ್ಲ, ಕಾರಣ ಇದು' ಎಂದು ಕೆಲಸ ಹೇಳಿದವರತ್ತ ಎಸೆಯಬೇಕು. ಹೀಗೂ ಆಗಬಹುದು ಎಂಬುದನ್ನು ತನ್ನ ಹೆಸರಿನ ಪಕ್ಕದಲ್ಲಿ ಮೊದಲೇ ಘೋಷಿಸಿಯೂ ಇರಬೇಕು. ಡಿಕ್ಲರೇಷನ್ ಎಂದರೆ ಅದು. ಕೆಲಸ ಹೇಳಿದವರಿಗೆ ಆಗ ಎರಡೇ ದಾರಿ. ಎಸೆದದ್ದನ್ನು ಹಿಡಿದು ಏನಾದರೂ ಮಾಡುವುದು, ಇಲ್ಲವೇ ತಾವೂ ಹಾಗೆಯೇ ಘೋಷಿಸಿ ಇನ್ನೂ ಮೇಲಕ್ಕೆ ದಾಟಿಸುವುದು. ದಾಟುತ್ತ ದಾಟುತ್ತ ಅದು ಕೊನೆಗೆ ಪರದೆಗೆ ಬಂದು, ಯಂತ್ರ ಕೈಕೊಟ್ಟಿದೆ ಎಂದು ಮನುಷ್ಯರಿಗೆ ತಿಳಿಸುತ್ತದೆ.

ಫ್ಯಾಟು ಓದುವ ಕೆಲಸದ ತುತ್ತತುದಿಯಲ್ಲಿ ಯಾವ ಘೋಷಣೆಯೂ ಇರಲಿಲ್ಲ. ಹಾಲನ್ನು ಓದುವುದು ಸೂರ್ಯ ಹುಟ್ಟುವಷ್ಟೇ ಖಚಿತ ಎಂಬಂತೆ ಆ ಸಾಲು ನಿಂತಿತ್ತು. ಗ್ರಾಹಕರಿಗೆ ಕೊಟ್ಟ ಕಾಗದದಲ್ಲಿಯೂ ದೇವಾನಂದ ಅದನ್ನೇ ಬರೆದಿದ್ದರು. ಶಾಲಿನಿ ಆ ಸಾಲನ್ನು ಎಷ್ಟೋ ಸಲ ನೋಡಿದ್ದಳು. ಅನುಮಾನದಿಂದ ನೋಡಿದ್ದು ಇದೇ ಮೊದಲು. ಮಷೀನಿಗೆ ವೈರಿದೆ. ವೈರಿಗೆ ಧೂಳಿದೆ, ತೇವವಿದೆ, ಇಲಿಯೂ ಇದ್ದೀತು. ಇಷ್ಟೆಲ್ಲ ಇದ್ದೂ ಏನೂ ಆಗುವುದಿಲ್ಲ ಎಂದು ಯಾವ ಧೈರ್ಯದ ಮೇಲೆ ಬರೆದರು?

ಪಕ್ಕದ ಸೀಟಿನ ಪುನೀತ, ಮದ್ದೂರಿನವನು, ಕಿವಿಯಿಂದ ಹೆಡ್‌ಫೋನ್ ತೆಗೆದ. "ಡೇರಿಗೆ ಹೋಗ್ತಿದ್ದೀಯಲ್ಲ, ಬರ್ತಾ ಪನೀರ್ ತಗೊಂಡ್ ಬಾ. ಎಮ್ಮೇದು. ಹಸೂದಾದ್ರೂ ನಡಿಯತ್ತೆ, ಈಗ ಎರಡೂ ಒಂದೇ ಅಂತಲ್ಲ."

ಮರುದಿನ ಶಾಲಿನಿ ವಾಘೋಲಿಯ ಟ್ರಾಫಿಕ್ಕು ಎದ್ದೇಳುವ ಮೊದಲೇ ಅದನ್ನು ದಾಟಿ ಶಿರೂರು ತಲುಪಿದಳು. ಸಾಲಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಅವಳನ್ನು ನೋಡಿದರು. ಎಮ್ಮೆಯವನು ನಮಸ್ಕಾರ ಮಾಡಿದ, ಹಸುವಿನವನು ಮಾಡಲಿಲ್ಲ. ಸೋನಾಲಿ ಅವಳನ್ನು ಮಷೀನಿನ ಹತ್ತಿರ ಬಿಟ್ಟು, ಇವನೇ, ಎಂದು ಹೇಳಿ ತಮ್ಮ ಕೋಣೆಗೆ ಹೋದರು.

"ನಮಸ್ಕಾರ ಗುರಣ್ಣೋರೆ. ನಾನು ಶಾಲಿನಿ. ಈ ಸಾಫ್ಟ್‌ವೇರ್ ಕಂಪನಿಯಿಂದ ಬಂದಿದೀನಿ."

ಗುರಣ್ಣ ಸೌಟು ಹಿಡಿದುಕೊಂಡೇ ಅವಳ ಚಪ್ಪಲಿ ನೋಡಿದ. "ಕನ್ನಡಾನೇ ಮಾತಾಡ್ಲತೀರಲ್ರಿ."

"ಹೌದು. ಹಾಸನ ನಮ್ದು."

"ಹಾಸನ ಎಲ್ಲಿ ಬರ್ತದ್ರಿ?"

"ಬೆಂಗ್ಳೂರಿಂದ ಆ ಕಡೆ."

"ಬೆಂಗಳೂರಿಂದಾನೂ ಆ ಕಡಿ," ಎಂದ ಗುರಣ್ಣ. ಬೆಂಗಳೂರು ದಾಟಿ ಹೋಗಿ ಕನ್ನಡದವಳೊಬ್ಬಳನ್ನು ಹುಡುಕಿ ತಂದಿದ್ದಾರೆಂದ ಮೇಲೆ ವಿಷಯ ಕೈ ಮೀರಿದೆ ಎಂದು ಅವನಿಗೆ ಮನವರಿಕೆಯಾಯಿತು. ಮುಂದೆ ಕೇಳಿದ್ದಕ್ಕೆಲ್ಲ ಹೌದ್ರಿ, ಇಲ್ರಿ ಎಂಬ ಎರಡೇ ಮಾತು.

ಅವಳು ಗೋಡೆಗೆ ಒರಗಿ ನೋಡುತ್ತ ನಿಂತಳು. ಕ್ಯಾನು ಬರುತ್ತಿತ್ತು, ಸೌಟು ಇಳಿಯುತ್ತಿತ್ತು, ಕಪ್ಪು ತುಂಬುತ್ತಿತ್ತು, ಸಂಖ್ಯೆ ಬರುತ್ತಿತ್ತು. ಎಲ್ಲ ಸರಿಯಾಗಿಯೇ ಇತ್ತು, ಒಂದನ್ನು ಬಿಟ್ಟು. ಆಗೊಮ್ಮೆ ಈಗೊಮ್ಮೆ ಗುರಣ್ಣ ಸೋನಾಲಿಯ ಕೋಣೆಯ ಬಾಗಿಲ ಕಡೆ ಕಣ್ಣು ಹಾಯಿಸಿ, ಮಷೀನು ಕಾಣದಂತೆ ಬೆನ್ನು ತಿರುಗಿಸುತ್ತಿದ್ದ. ಬಲ ಮೊಣಕೈ ಒಂದು ಸಲ ಅಲುಗುತ್ತಿತ್ತು. ಆಮೇಲೆ ಸಂಖ್ಯೆ ಬರುತ್ತಿತ್ತು. ದೇವಾನಂದ ಹೇಳಿದ ಆ 'ಏನರೆ' ಇದೇ ಇರಬೇಕೆಂದು ಶಾಲಿನಿಗೆ ಅನಿಸಿತು. ಅವರ ಮಾತು ನಿಜವಾಗುತ್ತಿರುವುದು ಅವಳಿಗೆ ಹಿಡಿಸಲಿಲ್ಲ.

"ಅದೇನು, ಮೊಣಕೈಲಿ?"

"ಏನಿಲ್ರಿ."

"ಏನೋ ಮಾಡಿದ್ರಲ್ಲ ಈಗ."

"ಮೈ ತುರಸ್ತದ್ರಿ. ಹಾಲಿನ ಕೆಲಸ ನೋಡ್ರಿ."

ಸಾಲು ಕರಗಿದ ಮೇಲೆ ಅವ್ವಮ್ಮ ಚಹಾ ತಂದಳು. ಶಾಲಿನಿಗೆ ಕಪ್ಪು ಕೊಟ್ಟು ಗಂಡನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎದುರಿಗಿದ್ದವಳಿಗೆ ತಮ್ಮ ಕಡೆಯ ಕನ್ನಡ ತಿಳಿಯುವುದಿಲ್ಲವೆಂದು ತೀರ್ಮಾನಿಸಿ ಮಾತಿಗೆ ಶುರು ಮಾಡಿದಳು.

"ಹೇಳಿಬಿಡು ಆಕಿಗಿ. ನಮ್ಮ ಭಾಷಾದಾಕಿ ಅದಾಳ."

"ನಮ್ಮ ಭಾಷಾ ಆಡಿದ್ರ ನಮ್ಮಾಕಿ ಆದ್ಲೇನು? ಆಫೀಸಿನಾಕಿ. ನೋಡು, ಹ್ಯಾಂಗ ನೋಡ್ಲತಾಳ."

"ನಿನ್ನ ಮಾರಿ ನೋಡಿದ್ರ ಯಾರರೆ ಹಂಗ ನೋಡ್ತಾರ. ಕಳ್ಳನ ಮಾರಿ ಮಾಡ್ಕೊಂಡ್ ನಿಂತೀದಿ."

"ನಂಗೆ ಅರ್ಥ ಆಗತ್ತೆ," ಎಂದಳು ಶಾಲಿನಿ.

ಅವ್ವಮ್ಮ ನಾಚಲಿಲ್ಲ. "ಆದ್ರ ಛಲೋ ಆತು ಬಿಡ್ರಿ ಅಕ್ಕಾರ. ಈ ಮಷೀನು ನಡುನಡು ನಿದ್ದಿ ಮಾಡ್ತದ್ರಿ. ಹಸರ ದೀಪ ಹೋಗಿಬಿಡ್ತದ. ಇಂವ ಮೊಣಕೈಲೆ ಒಂದು ಕೊಟ್ಟ್ ಎಬ್ಬಸ್ತಾನ. ಆಗ ನಂಬರ್ ಬರ್ತದ. ಇಷ್ಟೇ ನೋಡ್ರಿ ಇಂವ ಮಾಡೂ ಕಳ್ಳತನ."

"ಮೇಡಮ್‌ಗೆ ಯಾಕೆ ಹೇಳ್ಲಿಲ್ಲ?"

ಗುರಣ್ಣ ಗೋಡೆಯ ಕಡೆ ಗಲ್ಲ ತೋರಿಸಿದ. ಅಲ್ಲೊಂದು ಬೋರ್ಡು ಮರಾಠಿಯಲ್ಲಿ ಹೇಳುತ್ತಿತ್ತು: ಮಷೀನಿಗೆ ಕೈ ಹಚ್ಚಬಾರದು, ಕೆಟ್ಟರೆ ಹಚ್ಚಿದವನೇ ಹೊಣೆ. "ಕೈ ಹಚ್ಚಿಲ್ರಿ ನಾ," ಎಂದ. "ದೇವರಾಣಿ. ಮೊಣಕೈ ಅಷ್ಟ."

ಶಾಲಿನಿ ಎದ್ದು ಮಷೀನಿನ ಹಿಂದೆ ಕೈ ಹಾಕಿ, ಕಂಪ್ಯೂಟರಿಗೆ ಹೋಗುವ ವೈರನ್ನು ಮುಟ್ಟಿದಳು. ಎಳೆಯುವ ಮೊದಲೇ ಅದು ಅವಳ ಕೈಗೆ ಬಂತು. ಹಸಿರು ದೀಪ ಹೋಯಿತು. ತನ್ನ ಬಾಟಲಿಯಿಂದ ಸ್ವಲ್ಪ ನೀರನ್ನು ಸ್ಯಾಂಪಲ್ ಕಪ್ಪಿಗೆ ಸುರಿದು, ಗುಂಡಿ ಒತ್ತಿ ಕಾದಳು. ಪರದೆ ಒಂದಿಷ್ಟು ಹೊತ್ತು ಯೋಚಿಸಿತು. ಆಮೇಲೆ ಆರು ಪಾಯಿಂಟ್ ಎಂಟು ಎಂದಿತು. ಕೊನೆಯ ಕ್ಯಾನಿಗೆ ಬಂದಿದ್ದೂ ಅದೇ. ಅವಳು ಕಪ್ಪು ಖಾಲಿ ಮಾಡಿ ಬರೀ ಗಾಳಿಯನ್ನು ಇಟ್ಟಳು. ಗಾಳಿಗೂ ಆರು ಪಾಯಿಂಟ್ ಎಂಟು. ಒಳ್ಳೆಯ ಎಮ್ಮೆಯ ಗಾಳಿ.

ಮೂವರೂ ಪರದೆ ನೋಡುತ್ತ ನಿಂತರು.

"ಅಂದ್ರ," ಎಂದ ಗುರಣ್ಣ ಕೊನೆಗೆ, "ನನ್ನ ಮೊಣಕೈಲೆ ಏನೂ ಆಗ್ಲಿಲ್ಲಂತೀರಿ."

"ಕೆಲವ್ ಸಲ ವೈರ್ ಕೂತಿರ್ಬೋದು. ಮಿಕ್ಕಿದ್ದು... ಹಿಂದಿನ ಕ್ಯಾನಿಂದೇ ನಂಬರ್ ಬಂದಿರೋದು."

ಗುರಣ್ಣನಿಗೆ ಕೆಲಸ ಹೋಗುವ ಭಯಕ್ಕಿಂತ ಇದೇ ಹೆಚ್ಚು ನೋವಾದಂತೆ ಕಂಡಿತು. ಅವ್ವಮ್ಮ ಚಹಾದ ಕಪ್ಪುಗಳನ್ನು ಎತ್ತಿಕೊಂಡಳು. "ದಿನಾ ಆ ಮೊಣಕೈಗಿ ಎಣ್ಣಿ ತಿಕ್ಕಿದಾಕಿ ನಾನು," ಎಂದಳು.

ಶಾಲಿನಿ ವೈರನ್ನು ಮತ್ತೆ ಸಿಕ್ಕಿಸಿದಳು. ಸಿಕ್ಕಿಸುವಾಗ ತಾನೂ ಸೋನಾಲಿಯ ಬಾಗಿಲ ಕಡೆ ನೋಡಿ, ಬೆನ್ನು ತಿರುಗಿಸಿ ನಿಂತಿದ್ದು ಅವಳ ಗಮನಕ್ಕೆ ಬಂದಿದ್ದು ಆಮೇಲೆ. ಏನಾಯಿತು ಎಂದು ಸೋನಾಲಿ ಕೇಳಿದಾಗ, ಆಫೀಸಿನಲ್ಲಿ ಪರಿಶೀಲಿಸಿ ಹೇಳುತ್ತೇನೆ ಎಂದಳು. ಸೋನಾಲಿ ಒಪ್ಪಿದರು. ಆದರೆ ಕಾರು ಗೇಟು ದಾಟುವವರೆಗೂ ಹಿಂದೆಯೇ ನೋಡುತ್ತ ನಿಂತಿದ್ದರು.

ದಾರಿಯಲ್ಲಿ ದೇವಾನಂದರ ಫೋನು ಬಂತು. ಅವಳು ನೀರಿನ ವಿಷಯ ಹೇಳಿದಳು.

"ಇದು ಯಾರಿಗರೆ ಹೇಳೀರೇನು?"

"ಗುರಣ್ಣಂಗೂ ಅವ್ರ ಹೆಂಡ್ತಿಗೂ ಗೊತ್ತು. ಮೇಡಮ್‌ಗೆ ಹೇಳಿಲ್ಲ."

"ಭಾಳ ಛಲೋ ಮಾಡಿದ್ರಿ. ಹಂಗ ಬಂದ್ಬಿಡ್ರಿ."

ಪ್ರೋಗ್ರಾಮಿನಲ್ಲಿ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಕೆಳಗಿನ ಆಬ್ಜೆಕ್ಟು, ಮಷೀನಿನೊಂದಿಗೆ ನೇರ ಮಾತಾಡುವುದು, ತನ್ನ ಧರ್ಮವನ್ನು ಬಿಟ್ಟಿರಲಿಲ್ಲ. ವೈರು ಬಿದ್ದಾಗಲೆಲ್ಲ ಎಕ್ಸೆಪ್ಷನ್ ಎಸೆದಿತ್ತು. ಎಸೆಯುತ್ತೇನೆ ಎಂದು ಘೋಷಿಸಿಯೂ ಇತ್ತು. ಅದರ ಮೇಲಿನದು ಅದನ್ನು ಹಿಡಿದಿತ್ತು. ಹಿಡಿದವರು ಏನು ಮಾಡಬೇಕೆಂದು ಬರೆಯಲು ಒಂದು ಜೊತೆ ಆವರಣ ಚಿಹ್ನೆಗಳಿದ್ದವು. ಅವುಗಳ ನಡುವೆ ಏನೂ ಇರಲಿಲ್ಲ. ಹಿಡಿದು, ಏನೂ ಮಾಡದೆ, ಯಾರಿಗೂ ಹೇಳದೆ, ಮುಂದಕ್ಕೆ ಹೋಗಿತ್ತು. ಸಂಖ್ಯೆ ಇಡುವ ಜಾಗದಲ್ಲಿ ಹಿಂದಿನ ಕ್ಯಾನಿನ ಸಂಖ್ಯೆಯೇ ಕೂತಿತ್ತು, ಅದೇ ಪರದೆಗೆ ಬಂದಿತ್ತು.

ದೇವಾನಂದ ಅವಳ ಬೆನ್ನ ಹಿಂದೆ ಬಂದು ನಿಂತರು. ಯಾವ ಸಾಲನ್ನು ಯಾರು ಬರೆದರೆಂದು ತೋರಿಸುವ ಗುಂಡಿಯೊಂದಿದೆ. ಅದನ್ನು ಒತ್ತಿದರು.

"ಇದರ ಮ್ಯಾಲ ನಿಮ್ಮ ಹೆಸರ ಅದಲ್ರಿ."

"ಸರ್, ಹೋದ್ ವರ್ಷ ಇಡೀ ಫೈಲಲ್ಲಿ ಸ್ಪೇಸ್ ಎಲ್ಲಾ ಸರಿ ಮಾಡಿದ್ನಲ್ಲ. ಅದಕ್ಕೆ ಪ್ರತಿ ಸಾಲಿನ ಮೇಲೂ ನನ್ ಹೆಸ್ರೇ ತೋರ್ಸತ್ತೆ. ನೋಡಿ, ನೀವ್ ಬರ್ದಿದ್ದೂ ನಂದೇ ಅಂತಿದೆ."

"ಸ್ಪೇಸ್ ಅಷ್ಟ ಸರಿ ಮಾಡೀನಿ ಅಂತೀರಿ."

"ಹೌದು ಸರ್."

"ಆಗಲಿ ಬಿಡ್ರಿ. ನಾ ಏನ್ ಅನುಮಾನ ಪಡಾಕತ್ತಿಲ್ಲ," ಎಂದರು ದೇವಾನಂದ. ಪಡುತ್ತಿದ್ದಾರೆಂದು ಮಹಡಿಗೆಲ್ಲ ತಿಳಿಯಿತು.

"ಮನೋಜ ಬರ್ದಿರ್ತಾನೆ ಸರ್," ಎಂದ ಪುನೀತ. ಮನೋಜ ಕೆಲಸ ಬಿಟ್ಟು ಹೋದವನು. ಪ್ರತಿ ತಂಡಕ್ಕೂ ಹೀಗೆ ಬಿಟ್ಟು ಹೋದವನೊಬ್ಬ ಬೇಕಾಗುತ್ತಾನೆ. ಇರುವಾಗ ಮಾಡಿದ್ದಕ್ಕಿಂತ ಹೆಚ್ಚು ಕೆಲಸವನ್ನು ಅವನು ಹೋದ ಮೇಲೆ ಮಾಡಿರುತ್ತಾನೆ. ಆದರೆ ಈ ಫೈಲು ಹುಟ್ಟಿದ್ದು ಮನೋಜ ಹೋದ ಮೇಲೆ. ಅದನ್ನು ಶಾಲಿನಿ ನೆನಪಿಸಿದಾಗ ಪುನೀತ ಹೆಡ್‌ಫೋನ್ ಹಾಕಿಕೊಂಡ. ಅವನನ್ನೂ ಅವಳು ಒಂದು ಕ್ಷಣ ದಿಟ್ಟಿಸಿ ನೋಡಿದಳು.

ಇಲ್ಲಿ ಆ ತಂಡದ ಒಂದು ಕಟ್ಟಳೆಯನ್ನು ಹೇಳಬೇಕು. ಒಂದು ಮೆಥಡ್ಡಿಗೆ ಹೊಸ ಎಕ್ಸೆಪ್ಷನ್ ಘೋಷಿಸಿದರೆ ಅದನ್ನು ಕರೆಯುವ ಎಲ್ಲರ ಫೈಲುಗಳೂ ಒಟ್ಟಿಗೆ ಕೆಂಪಾಗುತ್ತವೆ. ಪ್ರತಿಯೊಬ್ಬರೂ ತಮ್ಮ ಕೆಲಸ ನಿಲ್ಲಿಸಿ ಅದಕ್ಕೊಂದು ಉತ್ತರ ಬರೆಯಲೇಬೇಕು. ಹಿಂದೊಮ್ಮೆ ಯಾರೋ ಹೀಗೆ ಮಾಡಿ ಎಲ್ಲರ ಶುಕ್ರವಾರ ಹಾಳಾದ ಮೇಲೆ, ಬೇರೆಯವರ ಫೈಲು ಕೆಂಪು ಮಾಡಿದವರು ಇಡೀ ಮಹಡಿಗೆ ವಡಾಪಾವ್ ತರಬೇಕೆಂದು ನಿಯಮವಾಗಿತ್ತು. ತಮಾಷೆಗೆಂದು ಮಾಡಿದ ನಿಯಮ, ಆದ್ದರಿಂದಲೇ ಯಾರೂ ಮುರಿಯುತ್ತಿರಲಿಲ್ಲ. ವಡಾಪಾವಿಗಿಂತ ಅದನ್ನು ಹಿಡಿದು ಲಿಫ್ಟಿನಿಂದ ಹೊರಬರುವಾಗ ಎಲ್ಲರೂ ತಟ್ಟುವ ಚಪ್ಪಾಳೆಗೆ ಜನ ಹೆದರುತ್ತಿದ್ದರು. ಕೆಳಗಿನಿಂದ ಎಕ್ಸೆಪ್ಷನ್ ಬಂತೆಂದರೆ ಪರದೆಯ ಅಂಚಿನಲ್ಲಿ ಒಂದು ಹಳದಿ ಬಲ್ಬು ಹೊತ್ತಿಕೊಂಡು ಎರಡು ಸಲಹೆ ಕೊಡುತ್ತಿತ್ತು. ಒಂದು, ನೀವೂ ಘೋಷಿಸಿ. ಇನ್ನೊಂದು, ಇಲ್ಲೇ ಹಿಡಿದುಬಿಡಿ. ಎರಡನೆಯದನ್ನು ಒತ್ತಿದರೆ ಬಲ್ಬೇ ಆವರಣ ಹಾಕಿಕೊಡುತ್ತಿತ್ತು. ಒಳಗೆ ಏನು ಮಾಡಬೇಕೆಂಬುದು ಮಾತ್ರ ಬರೆಯುವವರ ಪಾಲಿಗೆ ಉಳಿಯುತ್ತಿತ್ತು. ಅಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು.

ಶಾಲಿನಿ ಇಡೀ ಪ್ರೋಗ್ರಾಮಿನಲ್ಲಿ ಇಂಥ ಆವರಣಗಳನ್ನು ಹುಡುಕಿದಳು. ಅವು ಎಲ್ಲೆಡೆ ಇದ್ದವು. ಕೆಲವು ಅವಳವೇ, ಅನುಮಾನಕ್ಕೆ ಜಾಗವಿರಲಿಲ್ಲ, ಒಳಗೆ 'ಆಮೇಲೆ ನೋಡೋಣ' ಎಂದು ಅವಳು ಬರೆದುಕೊಂಡಿದ್ದಳು. ಪುನೀತ ತನ್ನವುಗಳಲ್ಲಿ 'ಇದು ಆಗಲ್ಲ ಬಿಡು' ಎಂದು ಬರೆದಿದ್ದ. ಒಂದರಲ್ಲಿ, ದೇವಾನಂದ ಇನ್ನೂ ಪ್ರೋಗ್ರಾಮ್ ಬರೆಯುತ್ತಿದ್ದ ಕಾಲದ್ದರಲ್ಲಿ, ಇದು ತಾತ್ಕಾಲಿಕ ಎಂದು ಮರಾಠಿಯಲ್ಲಿತ್ತು. ಫ್ಯಾಟಿನದರಲ್ಲಿ ಮಾತ್ರ ಯಾರ ಕೈಬರಹದ ಗುರುತೂ ಇಲ್ಲ. ಅಲ್ಲಿ ಬಲ್ಬು ಒತ್ತಿದ ಬೆರಳು ಯಾರದೆಂದು ಕೊನೆಗೂ ತಿಳಿಯಲಿಲ್ಲ.

"ಶಾಲಿನಿ ಅವರ, ಎರಡು ಕೆಲಸ ಅವ," ಎಂದರು ದೇವಾನಂದ, ಅವಳನ್ನು ಕಾಫಿ ಮಷೀನಿನ ಹತ್ತಿರ ಕರೆದು. "ಮೊದಲ, ಸಾಫ್ಟ್‌ವೇರ್ ಸರಿ ಅದ ಅಂತ ಬರದ್ ಕೊಡೂದು. ಆಮ್ಯಾಲ ಸರಿ ಮಾಡೂದು."

"ಹಾಗ್ ಬರ್ದ್ ಕೊಟ್ರೆ ಗುರಣ್ಣನ್ನ ತೆಗೀತಾರೆ ಸರ್."

"ನಾವೇನ್ ತೆಗ್ಯಾಕತ್ತಿಲ್ಲಲ್ರಿ. ನಾವು ನಮ್ಮ ಮಾತು ಅಷ್ಟ ಹೇಳಾಕತ್ತೀವಿ. ಅವ್ರ ಮಷೀನು, ಅವ್ರ ವೈರು, ಅವ್ರ ಮನಷ್ಯಾ."

"ಹಿಂದಿನ್ ನಂಬರ್ ಕೊಟ್ಟಿದ್ದು ನಾವಲ್ವಾ?"

"ನಾವು ಅಂದ್ರ ಯಾರು? ಹೆಸರ ಯಾರದದ ಅಲ್ಲಿ?" ದೇವಾನಂದ ಕಪ್ಪಿನಲ್ಲಿ ಸಕ್ಕರೆ ತಿರುವುತ್ತ, ಬಹಳ ಮೃದುವಾಗಿ ಕೇಳಿದರು. "ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ. ಗ್ರಾಹಕರು ಆ ಸಾಲು ಬರದವ್ರು ಯಾರು ಅಂತ ಕೇಳಿದ್ರ ನಾ ಏನ್ ತೋರಸ್ಲಿ?"

ಶಾಲಿನಿ ಆ ಮಧ್ಯಾಹ್ನ ಏನೂ ಬರೆದುಕೊಡಲಿಲ್ಲ. ಬರೆಯುವುದಿಲ್ಲ ಎಂದೂ ಹೇಳಲಿಲ್ಲ. ಫೈಲು ತೆರೆದಿಟ್ಟುಕೊಂಡು, ಆ ಖಾಲಿ ಆವರಣವನ್ನೇ ನೋಡುತ್ತ ಕೂತಿದ್ದಳು. ಹಿಡಿದು, ಏನೂ ಮಾಡದೆ, ಯಾರಿಗೂ ಹೇಳದೆ ಇರುವುದು ಎಷ್ಟು ಸುಲಭವೆಂದು ಈಗ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು.

ಶುಕ್ರವಾರ ವಿಡಿಯೋ ಮೀಟಿಂಗು. ಸೋನಾಲಿ ಡೇರಿಯ ಮಷೀನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ದೇವಾನಂದ ಸೊಗಸಾದ ಮರಾಠಿಯಲ್ಲಿ ಮಾತಾಡಿದರು: ನಮ್ಮ ಇಂಜಿನಿಯರ್ ಖುದ್ದಾಗಿ ಬಂದು ನೋಡಿದ್ದಾರೆ, ಡಿಕ್ಲರೇಷನ್‌ನಲ್ಲಿ ಇರುವಂತೆಯೇ ಎಲ್ಲವೂ ಇದೆ, ಸಂಜೆಯೊಳಗೆ ಬರಹದಲ್ಲಿ ಕೊಡುತ್ತೇವೆ. ಪೂರ್ತಿ ಸುಳ್ಳೆನ್ನುವಂಥ ಒಂದು ವಾಕ್ಯವೂ ಅದರಲ್ಲಿರಲಿಲ್ಲ.

ಸೋನಾಲಿ ಕೊನೆಯವರೆಗೆ ಕೇಳಿದರು. ಆಮೇಲೆ, "ತುಮ್ಹೀ ಸಾಂಗಾ ಮ್ಯಾಡಮ್," ನೀವು ಹೇಳಿ, ಎಂದು ಶಾಲಿನಿಯ ಕಡೆ ತಿರುಗಿದರು. ಗೇಟಿನಲ್ಲಿ ನಿಂತು ನೋಡಿದ ಅದೇ ನೋಟ.

ಶಾಲಿನಿಯ ಮರಾಠಿ ರಿಕ್ಷಾ ಹಿಡಿಯಲು, ತರಕಾರಿ ಕೊಳ್ಳಲು ಸಾಕಾಗುವಷ್ಟು. ಕಾರಣ, ಘೋಷಣೆ, ಹೊಣೆ ಎಂಬ ಮಾತುಗಳು ಅದರಲ್ಲಿರಲಿಲ್ಲ. ಹಾಗಾಗಿ ಅವಳಿಗೆ ಹೇಳಲು ಬಂದಿದ್ದು ಇಷ್ಟೇ: "ಮಾಗಚಾ ವಾಯರ್ ಕಾಢಾ. ಕಪಾತ್ ಪಾಣೀ ಟಾಕಾ." ಹಿಂದಿನ ವೈರು ತೆಗೆಯಿರಿ, ಕಪ್ಪಿಗೆ ನೀರು ಹಾಕಿ.

ದೇವಾನಂದ ಮೈಕು ಮುಚ್ಚಲು ಕೈ ಚಾಚಿದರು, ತಡವಾಯಿತು. ಸೋನಾಲಿ ಎದ್ದಿದ್ದರು. ವೈರು ತೆಗೆಯುವ ಸದ್ದೂ ಕೇಳಿಸಲಿಲ್ಲ, ಅಷ್ಟು ಸಡಿಲವಿತ್ತು. ನೀರು ಸುರಿದ ಸದ್ದು ಕೇಳಿಸಿತು. ಎರಡೂ ಕಡೆ ಎಲ್ಲರೂ ಕಾದರು.

"ಏಳು ಪಾಯಿಂಟ್ ಎರಡು," ಎಂದು ಓದಿದರು ಸೋನಾಲಿ. ಇನ್ನೊಮ್ಮೆ ಕಪ್ಪಿನೊಳಗೆ ಬಗ್ಗಿ ನೋಡಿದರು. "ನಮ್ಮ ನಲ್ಲಿಯ ನೀರು."

"ಇದಕ್ಕೆ ಪರಿಹಾರ ಮುಂದಿನ ವರ್ಷನ್‌ನಲ್ಲಿ ಬರಲಿದೆ," ಎಂದರು ದೇವಾನಂದ.

ಸೋನಾಲಿ ಕಪ್ಪು ಕೆಳಗಿಟ್ಟರು. ವೈರು ಸಡಿಲವೆಂದು ನಿಮಗೆ ಹೇಗೆ ಗೊತ್ತಾಯಿತು, ಅದನ್ನು ಮೊನ್ನೆಯೇ ಏಕೆ ಹೇಳಲಿಲ್ಲ, ಎಂದು ಶಾಲಿನಿಯನ್ನು ಕೇಳಿದರು. ಕೇಳಬೇಕಾದದ್ದೇ. ಶಾಲಿನಿ, ಹೇಳಬೇಕಿತ್ತು, ಹೇಳಲಿಲ್ಲ, ಎಂದಳು. ಸೋನಾಲಿ ಗುರಣ್ಣನನ್ನು ಕರೆದರು. ಅವನು ಕ್ಯಾಮೆರಾದ ಅಂಚಿಗೆ ಬಂದು ನಿಂತ. ಪುಣೆಯ ಕಡೆಯವರಿಗೆ ಕಂಡದ್ದು ಅವನ ಬಲ ಮೊಣಕೈ ಮಾತ್ರ. ಮುರುಕು ಮರಾಠಿಯಲ್ಲಿ ಅವನು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಮೊಣಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಸೋನಾಲಿ ಬೋರ್ಡನ್ನು ನೋಡಿದರು, ಅವನನ್ನು ನೋಡಿದರು, ಮಷೀನನ್ನು ನೋಡಿದರು. ಮೂರರಲ್ಲಿ ಯಾವುದನ್ನು ಹೆಚ್ಚು ನಂಬಬೇಕೆಂದು ತೀರ್ಮಾನಿಸುವವರಂತೆ ಸ್ವಲ್ಪ ಹೊತ್ತು ತೆಗೆದುಕೊಂಡರು.

"ನಂಬರು ಇವನ ಕೈಯಿಂದ ಬಂದದ್ದಲ್ಲ, ಅಷ್ಟು ಖಂಡಿತ ತಾನೆ?" ಎಂದರು.

"ಅಷ್ಟು ಖಂಡಿತ," ಎಂದಳು ಶಾಲಿನಿ. ದೇವಾನಂದ ತಮ್ಮ ಮೈಕು ಮುಚ್ಚಿಕೊಂಡಿದ್ದರು.

ಮೀಟಿಂಗು ಮುಗಿದ ಮೇಲೆ ಅವರು ಅವಳೊಂದಿಗೆ ಮಾತಾಡಲಿಲ್ಲ, ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ. ಶಾಲಿನಿ ಖಾಲಿ ಆವರಣವನ್ನು ಅಳಿಸಿ, ಅದರ ಮೇಲಿನ ಮೆಥಡ್ಡಿಗೆ ಎಕ್ಸೆಪ್ಷನ್ ಘೋಷಿಸಿದಳು. ಆಮೇಲೆ ಅದರ ಮೇಲಿನದಕ್ಕೆ, ಅದರ ಮೇಲಿನದಕ್ಕೆ, ತುತ್ತತುದಿಯವರೆಗೆ. ಮಹಡಿಯ ಪರದೆಗಳೆಲ್ಲ ಒಂದೊಂದಾಗಿ ಕೆಂಪಾದವು. ಯಾರೋ ಉಸ್ಸೆಂದರು. ಪುನೀತ ಹೆಡ್‌ಫೋನ್ ತೆಗೆದು, "ನಂಗೆ ಹಸಿಮೆಣಸಿನಕಾಯಿ ಜಾಸ್ತಿ ಇರ್ಲಿ," ಎಂದ.

ಅವಳು ಪೊಟ್ಟಣ ಹಿಡಿದು ಲಿಫ್ಟಿನಿಂದ ಹೊರಬಂದಾಗ ಚಪ್ಪಾಳೆ ಬಿತ್ತು. ಮೊದಲ ವಡಾಪಾವ್ ತೆಗೆದುಕೊಂಡವರು ದೇವಾನಂದ. ಹೊಸ ವರ್ಷನ್ನಿನ ಜೊತೆ ಅವರು ಕಳಿಸಿದ ಕಾಗದದಲ್ಲಿ, ರೀಡಿಂಗ್ ಸಿಗದಿದ್ದರೆ ತಾನೇ ಪತ್ತೆಹಚ್ಚುವ ಹೊಸ ಸೌಲಭ್ಯವನ್ನು ಸೇರಿಸಲಾಗಿದೆ ಎಂದಿತ್ತು. ಅದನ್ನು ಯಾರು ಸೇರಿಸಿದರೆಂದು ಇರಲಿಲ್ಲ. ಖಾಲಿ ಆವರಣ ಯಾರದಿರಬಹುದೆಂದು ತಂಡದಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಬಗ್ಗೆ ಒಂದು ಅಭಿಪ್ರಾಯವಿಟ್ಟುಕೊಂಡಿದ್ದಾರೆ.

ಶಿರೂರಿನ ಡೇರಿಯಲ್ಲಿ ಈಗ ವೈರು ಬಿದ್ದಾಗಲೆಲ್ಲ ಪರದೆ 'ರೀಡಿಂಗ್ ಸಿಗಲಿಲ್ಲ' ಎನ್ನುತ್ತದೆ, ಸಾಲು ನಿಲ್ಲುತ್ತದೆ. ಮೊದಲಿನ ಮಷೀನೇ ಚೆನ್ನಾಗಿತ್ತು ಎನ್ನುತ್ತಾನೆ ಹಸುವಿನವನು. ತನ್ನ ಕ್ಯಾನು ಬಂದಾಗಲೇ ಬೇಕೆಂದು ನಿಲ್ಲಿಸುತ್ತಾರೆ ಎನ್ನುತ್ತಾನೆ ಎಮ್ಮೆಯವನು. ಗೋಡೆಯ ಬೋರ್ಡಿನಲ್ಲಿ 'ಕೈ' ಎಂಬುದರ ಮುಂದೆ 'ಮೊಣಕೈ' ಎಂದೂ ಸೇರಿಸಿದ್ದಾರೆ. ಗುರಣ್ಣ ಕೆಲಸದಲ್ಲಿ ಉಳಿದ. ವೈರು ಬದಲಾಗಿಲ್ಲ.